ಬಿಡುಗಡೆಯ ಕಾಗದವೂ ಜಮೀನಿನ ಹಕ್ಕೂ

ಗಂಡಹೆಂಡಿರು ಬೇರೆಯಾದಾಗ ಹಿರಿಯರ ಸಮ್ಮುಖದಲ್ಲಿ ಬರೆದುಕೊಂಡ ಆಸ್ತಿಯ ಒಡಂಬಡಿಕೆಯನ್ನು ಒಬ್ಬರು ಮೀರಿದರೆ, ಇನ್ನೊಬ್ಬರು ಅದನ್ನು ನ್ಯಾಯಾಲಯದ ಮೂಲಕ ನಡೆಯಿಸಿಕೊಳ್ಳಬಹುದೇ ಎಂಬುದು ನಾವಿಲ್ಲಿ ವಿವೇಚಿಸಲಿರುವ ಪ್ರಶ್ನೆ. ಗಂಗಾವಳಿಯು ಕಡಲನ್ನು ಸೇರುವೆಡೆಯಲ್ಲಿರುವ ಮಂಜಗುಣಿಯಂತಹ ಊರಿನಲ್ಲಿ ಸಾಧಾರಣ ಸಂಸಾರದ ಆಸ್ತಿಯೆಂದರೆ ಕೆಲವು ಗುಂಟೆ ಗದ್ದೆ, ತೆಂಗಿನ ಹಿತ್ತಿಲು, ದೋಣಿ, ಬಲೆ, ಹೆಂಡತಿಯ ಮೈಮೇಲಿನ ಬಂಗಾರ. ಇಷ್ಟಕ್ಕಾಗಿ ಕೋರ್ಟಿನ ಮೆಟ್ಟಿಲೇರುವುದಕ್ಕಿಂತ ಊರಲ್ಲಿಯೇ ಬಗೆಹರಿಸಿಕೊಳ್ಳುವುದು ಲೇಸೆಂದು ಜನರು ಬಗೆದರೆ ಆಶ್ಚರ್ಯವಿಲ್ಲ. ಅಂಕೋಲೆಯ ಸೀಮೆಯ ಹಾಲಕ್ಕಿ ಒಕ್ಕಲಿಗರಲ್ಲಿ ಗೌಡ, ಬುದವಂತ ಮೊದಲಾದವರು ಕೂಡಿ ವಿವಾದಗಳನ್ನು ತೀರಿಸುವ ಪದ್ಧತಿಯು ಬಹುಕಾಲದಿಂದ ಬಂದುದು.

ಮೊದಲು ವಿಚ್ಛೇದನದ ಮಾತು. 1955ರ ಹಿಂದೂ ವಿವಾಹ ಕಾಯಿದೆಯ 29(2)ನೆಯ ಕಲಮು ರೂಢಿಯ ವಿಚ್ಛೇದನವನ್ನು ಉಳಿಸಿಕೊಂಡಿದೆ. ಆದರೆ ಅಂತಹ ರೂಢಿಯುಂಟೆಂದು ಹೇಳಿದವರೇ ಅದನ್ನು ರುಜುಪಡಿಸಬೇಕೆಂದು ಸುಪ್ರೀಂ ಕೋರ್ಟು 2002ರಲ್ಲಿ ಸ್ಪಷ್ಟಪಡಿಸಿತು. ರೂಢಿಯು ರುಜುವಾಗದಿದ್ದರೆ ಮದುವೆಯು ಮುರಿದೇ ಇಲ್ಲವೆಂದಾಗಿ, ಒಡಂಬಡಿಕೆಯ ಬುಡವೇ ಅಲುಗುವುದು.

ಹಣ, ಬಂಗಾರ, ದೋಣಿಗಳ ವಿಷಯವು ಅಷ್ಟೊಂದು ಜಟಿಲವಲ್ಲ. ಸಾದಾ ಕಾಗದವನ್ನು ಕರಾರೆಂದು ಮುಂದಿಟ್ಟು ದಾವೆ ಹೂಡಬಹುದು. ತೊಡಕೆಲ್ಲವೂ ಜಮೀನಿನದು. ಗಂಡನು ಹತ್ತು ಗುಂಟೆ ಗದ್ದೆಯನ್ನು ಬಿಟ್ಟುಕೊಟ್ಟೆನೆಂದು ಬರೆದುಕೊಟ್ಟನೆನ್ನೋಣ. ನೂರು ರೂಪಾಯಿ ಅಥವಾ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಹಕ್ಕನ್ನು ವರ್ಗಾಯಿಸುವ ಪತ್ರವು 1908ರ ನೋಂದಣಿ ಕಾಯಿದೆಯ 17ನೆಯ ಕಲಮಿನಂತೆ ನೋಂದಣಿಯಾಗಲೇಬೇಕು. ಇಂದು ನೂರು ರೂಪಾಯಿಗೆ ಯಾವ ಗದ್ದೆಯೂ ದೊರೆಯದು. ಆದಕಾರಣ ಈ ನಿಯಮವು ಎಲ್ಲ ಜಮೀನಿಗೂ ತಗಲುತ್ತದೆ. ಮುದ್ರಾಶುಲ್ಕದ ಕೊರತೆಯನ್ನು ದಂಡ ತೆತ್ತು ಸರಿಪಡಿಸಬಹುದು. ನೋಂದಣಿಯ ಕೊರತೆಗೆ ಅಂತಹ ಪರಿಹಾರವಿಲ್ಲ. ಪಹಣಿಯಲ್ಲಿ ಹೆಸರು ಬಂದೊಡನೆ ಹಕ್ಕು ಬಂದಿತೆಂಬ ನಂಬಿಕೆಯೂ ಹುಸಿಯೇ.

ಹಾಗೆಂದು ಆ ಕಾಗದವು ತೀರ ನಿಷ್ಪ್ರಯೋಜಕವೆನ್ನಲಾಗದು. 49ನೆಯ ಕಲಮು ಎರಡು ಬಾಗಿಲುಗಳನ್ನು ತೆರೆದಿಟ್ಟಿದೆ: ಸ್ವಾಧೀನವು ಯಾವ ಬಗೆಯದೆಂದು ತೋರಿಸಲು ಅದನ್ನು ಹಾಜರುಪಡಿಸಬಹುದು, ಬರೆದುಕೊಡುವೆನೆಂಬ ವಚನವಿದ್ದಲ್ಲಿ ಕರಾರಿನ ನಿರ್ದಿಷ್ಟ ಪಾಲನೆಯ ದಾವೆಯಲ್ಲಿ ಸಾಕ್ಷ್ಯವಾಗಿಸಬಹುದು. ಈ ದಾವೆಗೆ ಅವಧಿ ಮೂರೇ ವರ್ಷ. ಗೊತ್ತುಮಾಡಿದ ದಿನದಿಂದ, ದಿನವಿಲ್ಲದಿದ್ದರೆ ನಿರಾಕರಣೆ ತಿಳಿದಂದಿನಿಂದ, ಅದನ್ನೆಣಿಸುತ್ತಾರೆ. ನಂಟರ ಸಂಧಾನದಲ್ಲಿಯೇ ಆ ಮೂರು ವರ್ಷಗಳು ಕಳೆದುಹೋಗುವುದು ಸುಲಭ.

ಕಾಗದದ ಒಕ್ಕಣೆಯೂ ಮುಖ್ಯವಾದುದು. ‘ಜೀವನಾಂಶಕ್ಕಾಗಿ’ ಎಂದು ಬರೆದಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14(1)ನೆಯ ಕಲಮು ಹೆಂಗಸಿನ ನೆರವಿಗೆ ಬರುತ್ತದೆ. ಜೀವನಾಂಶದ ಹಕ್ಕಿಗೆ ಪ್ರತಿಯಾಗಿ ಕೊಟ್ಟ ಸ್ವತ್ತನ್ನು ಬದುಕಿರುವ ತನಕ ಮಾತ್ರ ಅನುಭವಿಸತಕ್ಕದ್ದೆಂದು ನಿರ್ಬಂಧಿಸಿದ್ದರೂ ಅದು ಪೂರ್ಣಸ್ವಾಮ್ಯವಾಗುವುದೆಂದು 1977ರ ತುಳಸಮ್ಮನ ಪ್ರಕರಣದಲ್ಲಿ ತೀರ್ಪಾಯಿತು. ಆಕೆ ವಿಧವೆ, ಆದರೂ ಅಲ್ಲಿಯ ತರ್ಕವು ಇಲ್ಲಿಗೂ ಹೊಂದುತ್ತದೆಂಬುದು ನಮ್ಮ ಮತ. ‘ಮುಂದೆ ಏನನ್ನೂ ಕೇಳತಕ್ಕದ್ದಲ್ಲ’ ಎಂಬ ವಾಕ್ಯಕ್ಕಾದರೋ ಜನರು ಭಾವಿಸಿದಷ್ಟು ಬಲವಿಲ್ಲ. ಕರ್ನಾಟಕದ ಹೆಂಡತಿಯೊಬ್ಬಳು 8,000 ರೂಪಾಯಿ ಪಡೆದು ಮುಂದಿನ ಜೀವನಾಂಶವನ್ನು ಬಿಟ್ಟುಕೊಟ್ಟಿದ್ದರೂ, ಆ ರಾಜಿಯು ಆಕೆಯ ಬೇರೆ ದಾವೆಗೆ ಅಡ್ಡಿಯಾಗದೆಂದು ಸುಪ್ರೀಂ ಕೋರ್ಟು 2013ರಲ್ಲಿ ಹೇಳಿತು.

ಪರಸ್ಪರ ಸಮ್ಮತಿಯ ವಿಚ್ಛೇದನಕ್ಕೆ 1976ರಲ್ಲಿ ಸೇರಿಸಲಾದ 13ಬಿ ಕಲಮಿನಡಿ ಅರ್ಜಿ ಕೊಟ್ಟು, ಹಿರಿಯರು ಒಪ್ಪಿಸಿದ ಷರತ್ತುಗಳನ್ನೇ ಡಿಕ್ರಿಯಲ್ಲಿ ಸೇರಿಸಿಕೊಂಡರೆ ಹೊಸ ದಾವೆ ಬೇಡ, ಅಮಲ್ಜಾರಿ ಅರ್ಜಿ ಸಾಕು. ರೂಢಿಯಂತೆ ಈಗಾಗಲೇ ಬೇರೆಯಾದವರಿಗೆ ಈ ದಾರಿಯಿಲ್ಲ. ಅವರು ಜಮೀನಿನ ಪತ್ರವನ್ನು, ರುಜು ಹಾಕಿದ ನಾಲ್ಕು ತಿಂಗಳೊಳಗಾಗಿ, ಉಪನೋಂದಣಾಧಿಕಾರಿಯ ಮುಂದೆ ಹಾಜರುಪಡಿಸತಕ್ಕದ್ದು.