ಕಡಲಿಗೂ ಉಂಟು ಎರಡು ತಿಂಗಳ ರಜೆ

ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕಿನ ತದಡಿ ಬಂದರುಗಳಲ್ಲಿ ದುಡಿಮೆಗೂ ರಜೆಗೂ ನಡುವಿನ ಗಡಿಯನ್ನು ಸರ್ಕಾರವೇ ಹಾಕಿದೆ. ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಹಲವು ಜಾತಿಯ ಮೀನುಗಳು ಮೊಟ್ಟೆಯಿಡುವ ಕಾಲವಿದು. ಮಳೆಗಾಲದ ಕಡಲೂ ಅಪಾಯಕಾರಿ. ಸಾಂಪ್ರದಾಯಿಕ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ನಿಯಮದ ಹಿಂದೆ 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಇದೆ.

ಮೇ ಕೊನೆಗೆ ಬೋಟುಗಳು ದಡ ಸೇರುತ್ತವೆ. ಹೊರರಾಜ್ಯದ ಕಾರ್ಮಿಕರು ಊರಿನ ರೈಲು ಹತ್ತುತ್ತಾರೆ. ಉಳಿದವರಿಗೆ ರಜೆಯೆಂದರೆ ಬರೀ ವಿಶ್ರಾಂತಿಯಲ್ಲ. ಟಾರ್ಪಾಲಿನಡಿ ಕುಳಿತು ಹರಿದ ಬಲೆಯ ಒಂದೊಂದೇ ಕಣ್ಣನ್ನು ನೈಲಾನ್ ದಾರದಿಂದ ಹೆಣೆಯಬೇಕು, ಬೋಟಿನ ತಳಕ್ಕೆ ಅಂಟಿದ ಚಿಪ್ಪು ಕೆರೆದು ಬಣ್ಣ ಬಳಿಯಬೇಕು, ಎಂಜಿನ್ ಬಿಚ್ಚಿ ನೋಡಬೇಕು. ಮದುವೆ, ಮನೆ ರಿಪೇರಿಗಳಿಗೂ ಬಿಡುವು ಸಿಗುವುದು ಆಗಲೇ.

ಕಚೇರಿ ನೌಕರನ ರಜೆಗೆ ಸಂಬಳವಿದೆ. ಹಿಡಿದ ಮೀನಿನಲ್ಲಿ ಪಾಲು ಪಡೆಯುವವನಿಗೆ ಬೋಟು ನಿಂತರೆ ಗಳಿಕೆಯೂ ನಿಂತಂತೆ. ಇದಕ್ಕಾಗಿಯೇ ಉಳಿತಾಯ ಮತ್ತು ಪರಿಹಾರ ಯೋಜನೆ ಇದೆ: ಮೀನುಗಾರ ಕಟ್ಟುವ ಹಣಕ್ಕೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ತಮ್ಮ ಪಾಲು ಸೇರಿಸಿ ಕೊಡುತ್ತವೆ. ಎರಡು ತಿಂಗಳ ಸಂಸಾರಕ್ಕೆ ಈ ಹಣ ಖಂಡಿತ ಸಾಲದು, ಮೊತ್ತವನ್ನು ಹೆಚ್ಚಿಸಲೇಬೇಕು.