ಕೌಚ್‌ಡಿಬಿ: ಸ್ವಂತ ಸರ್ವರ್‌ನಲ್ಲೊಂದು ಕಡತಕೋಣೆ

ಹಳೆಯ ಬಗೆಯ ಡೇಟಾಬೇಸ್ ಕಚೇರಿಯ ರಿಜಿಸ್ಟರ್ ಇದ್ದಂತೆ. ಕಾಲಂಗಳಿಗೆ ಮೊದಲೇ ಗೆರೆ ಎಳೆದಿರಬೇಕು, ಪ್ರತಿ ನಮೂದೂ ಆ ಗೆರೆಗಳೊಳಗೇ ಕೂರಬೇಕು. ಡಾಕ್ಯುಮೆಂಟ್ ಡೇಟಾಬೇಸ್ ಕಡತದಂತೆ. ಒಂದು ಕಡತದಲ್ಲಿ ಎರಡೇ ಹಾಳೆ ಇರಬಹುದು, ಪಕ್ಕದ್ದರಲ್ಲಿ ಇಪ್ಪತ್ತು ಹಾಳೆ, ಜೊತೆಗೊಂದು ಫೋಟೊ. ಪ್ರತಿ ಕಡತಕ್ಕೂ ಒಂದು ಗುರುತು ಸಂಖ್ಯೆ ಇದ್ದರೆ ಸಾಕು. ಈ ಬಗೆಯ ಉಚಿತ, ಮುಕ್ತ ತಂತ್ರಾಂಶಗಳಲ್ಲಿ ಅಪಾಚೆ ಕೌಚ್‌ಡಿಬಿ ಒಂದು.

ಲೋಟಸ್ ನೋಟ್ಸ್ ತಂತ್ರಾಂಶದಲ್ಲಿ ದುಡಿದಿದ್ದ ಡೇಮಿಯನ್ ಕಾಟ್ಜ್ 2005ರಲ್ಲಿ ಇದನ್ನು ಆರಂಭಿಸಿದರು. 2008ರಲ್ಲಿ ಇದು ಅಪಾಚೆ ಪ್ರತಿಷ್ಠಾನದ ಯೋಜನೆಯಾಯಿತು. ಇದನ್ನು ಬರೆದಿರುವುದು ಟೆಲಿಫೋನ್ ವಿನಿಮಯ ಕೇಂದ್ರಗಳಿಗಾಗಿ ಎರಿಕ್ಸನ್ ಕಂಪನಿ ರೂಪಿಸಿದ ಅರ್ಲಾಂಗ್ ಭಾಷೆಯಲ್ಲಿ. ದಾಖಲೆಗಳು ಜೇಸನ್ (JSON) ಎಂಬ ಪಠ್ಯರೂಪದಲ್ಲಿರುತ್ತವೆ. ವೆಬ್ ಪುಟಗಳನ್ನು ತರಿಸುವ ಎಚ್‌ಟಿಟಿಪಿಯ ಮೂಲಕವೇ ಅವುಗಳನ್ನು ಇಡಬಹುದು, ತೆಗೆಯಬಹುದು.

ಉಬುಂಟು ಅಥವಾ ಡೆಬಿಯನ್ ಸರ್ವರ್‌ನಲ್ಲಿ ಸ್ಥಾಪನೆಗೆ ಮೂರು ಹೆಜ್ಜೆ. ಅಪಾಚೆಯ ಪ್ಯಾಕೇಜ್ ಭಂಡಾರದ ಸಹಿ ಕೀಲಿಯನ್ನು ಸೇರಿಸುವುದು ಮೊದಲನೆಯದು; ಬರುವ ಪ್ಯಾಕೇಜ್ ಅಸಲಿಯೇ ಎಂದು ಯಂತ್ರ ಪರೀಕ್ಷಿಸುವುದು ಇದರಿಂದಲೇ. ಬಳಿಕ ಭಂಡಾರದ ವಿಳಾಸ ಸೇರಿಸಿ ಪ್ಯಾಕೇಜ್ ಪಟ್ಟಿಯನ್ನು ನವೀಕರಿಸಬೇಕು. ಕೊನೆಗೆ ಆಪ್ಟ್ ಆದೇಶದಿಂದ ಕೌಚ್‌ಡಿಬಿಯನ್ನು ಇಳಿಸಿಕೊಳ್ಳಬೇಕು.

ಇಳಿಸಿಕೊಳ್ಳುವಾಗ ಕೆಲವು ಪ್ರಶ್ನೆಗಳು ಎದುರಾಗುತ್ತವೆ. ಒಂಟಿ ಸರ್ವರೋ, ಹಲವು ಸರ್ವರ್‌ಗಳ ಗುಂಪೋ ಎಂಬುದಕ್ಕೆ ಸಣ್ಣ ಸಂಸ್ಥೆಗಳ ಮಟ್ಟಿಗೆ ಒಂಟಿ ಎಂಬ ಉತ್ತರವೇ ಸರಿ. ಅರ್ಲಾಂಗ್ ಯಂತ್ರಗಳು ಪರಸ್ಪರ ಗುರುತು ಹಿಡಿಯಲು ಬಳಸುವ ಕುಕಿ ಎಂಬ ಗುಟ್ಟಿನ ಪದ ಊಹೆಗೆ ಸಿಗದಷ್ಟು ಉದ್ದವಿರಬೇಕು. ಯಾವ ವಿಳಾಸದಲ್ಲಿ ಕರೆಗಳಿಗೆ ಓಗೊಡಬೇಕು ಎಂಬಲ್ಲಿ 127.0.0.1 ಎಂದಿದ್ದರೆ ಆ ಯಂತ್ರದೊಳಗಿನವರಿಗೆ ಮಾತ್ರ ಪ್ರವೇಶ, 0.0.0.0 ಎಂದು ಕೊಟ್ಟರೆ ಯಂತ್ರದ ಎಲ್ಲ ಜಾಲ ಸಂಪರ್ಕಗಳಿಗೂ ಬಾಗಿಲು ತೆರೆದಂತೆ. ಕೊನೆಯದು ಅಡ್ಮಿನ್ ಪಾಸ್‌ವರ್ಡ್. ಹಿಂದಿನ ಆವೃತ್ತಿಗಳಲ್ಲಿ ಇದನ್ನು ಕೊಡದಿದ್ದರೆ ಬಂದವರೆಲ್ಲ ಯಜಮಾನರೇ ಆಗುತ್ತಿದ್ದರು. 2020ರ 3.0 ಆವೃತ್ತಿಯಿಂದೀಚೆಗೆ ಅಡ್ಮಿನ್ ಇಲ್ಲದೆ ಕೌಚ್‌ಡಿಬಿ ಶುರುವಾಗುವುದೇ ಇಲ್ಲ.

ಸ್ಥಾಪನೆ ಸರಿಯಾಗಿದ್ದರೆ 5984ನೇ ಪೋರ್ಟ್‌ಗೆ ಕರ್ಲ್ ಆದೇಶದಿಂದ ಕರೆ ಕಳಿಸಿದಾಗ ಸ್ವಾಗತದ ಪದವೂ ಆವೃತ್ತಿ ಸಂಖ್ಯೆಯೂ ಮರಳಿ ಬರುತ್ತವೆ. ಬ್ರೌಸರ್‌ನಲ್ಲಿ ಫೋಟನ್ (Fauxton) ಎಂಬ ನಿರ್ವಹಣಾ ಪುಟವಿದೆ. ದೂರದ ಸರ್ವರ್ ಆದರೆ ಎಸ್‌ಎಸ್‌ಎಚ್ ಸುರಂಗದ ಮೂಲಕ ಅದನ್ನು ತೆರೆಯುವುದು ಕ್ಷೇಮ.

ಹೊರಗಿನವರಿಗೂ ಸೇವೆ ಬೇಕಾದರೆ ಮುಂದೆ ಎಂಜಿನ್‌ಎಕ್ಸ್‌ನಂಥ ವೆಬ್ ಸರ್ವರ್ ನಿಲ್ಲಿಸಿ, ಗೂಢಲಿಪಿಯ ಎಚ್‌ಟಿಟಿಪಿಎಸ್ ಸಂಪರ್ಕವನ್ನು ಅದರ ಪಾಲಿಗೆ ಬಿಡಬೇಕು. 5984 ಮತ್ತು ಅರ್ಲಾಂಗ್ ಬಳಸುವ 4369 ಪೋರ್ಟ್‌ಗಳನ್ನು ಫೈರ್‌ವಾಲ್ ತಡೆಯಬೇಕು. 2017ರ ಜನವರಿಯಲ್ಲಿ ಪಾಸ್‌ವರ್ಡ್ ಇಲ್ಲದೆ ಅಂತರ್ಜಾಲಕ್ಕೆ ತೆರೆದುಕೊಂಡಿದ್ದ ಸಾವಿರಾರು ಮೊಂಗೋಡಿಬಿ ಡೇಟಾಬೇಸ್‌ಗಳನ್ನು ಅಳಿಸಿ, ದುಷ್ಕರ್ಮಿಗಳು ಒತ್ತೆಹಣ ಕೇಳಿದ್ದರು. ಕೌಚ್‌ಡಿಬಿ ಸರ್ವರ್‌ಗಳೂ ಆ ದಾಳಿಗೆ ಸಿಕ್ಕಿದವು.

ಕೌಚ್‌ಡಿಬಿ ಬರೆದದ್ದನ್ನು ತಿದ್ದುವುದಿಲ್ಲ. ಪ್ರತಿ ಬದಲಾವಣೆಯೂ ಹೊಸ ಪರಿಷ್ಕರಣ ಸಂಖ್ಯೆ ಪಡೆದು ಫೈಲಿನ ತುದಿಗೆ ಸೇರುತ್ತದೆ. ಹಳೆಯ ಸಂಖ್ಯೆ ಹಿಡಿದು ತಿದ್ದಲು ಬಂದವರನ್ನು 409 ಎಂಬ ಸಂಕೇತ ಕೊಟ್ಟು ವಾಪಸು ಕಳಿಸುತ್ತದೆ. ಹೀಗೆ ಬೆಳೆಯುವ ಫೈಲನ್ನು ಆಗಾಗ ಸಾಂದ್ರಗೊಳಿಸಬೇಕು, 3.0ರಿಂದ ಈ ಕೆಲಸ ತಾನಾಗಿಯೇ ನಡೆಯುತ್ತದೆ.

ತುದಿಗಷ್ಟೇ ಸೇರಿಸುವ ಈ ಪದ್ಧತಿಯಿಂದಾಗಿ, ಸರ್ವರ್ ನಡೆಯುತ್ತಿರುವಾಗಲೇ ಫೈಲುಗಳ ಪ್ರತಿ ತೆಗೆಯಬಹುದು. ಇದಲ್ಲದೆ ರೆಪ್ಲಿಕೇಶನ್ ಮೂಲಕ ಇನ್ನೊಂದು ಕೌಚ್‌ಡಿಬಿಗೆ ದಾಖಲೆಗಳನ್ನು ರವಾನಿಸುತ್ತಲೂ ಇರಬಹುದು. ಆದರೆ ರೆಪ್ಲಿಕೇಶನ್ ಅಳಿಸಿದ್ದನ್ನೂ ರವಾನಿಸುತ್ತದೆ. ಆದ್ದರಿಂದ ಬೇರೆ ಬ್ಯಾಕಪ್ ಇರಲೇಬೇಕು. ಆ ಪ್ರತಿಯನ್ನು ಮತ್ತೊಂದು ಯಂತ್ರದಲ್ಲಿ ತೆರೆದು ನೋಡಿದಾಗಲೇ ಸ್ಥಾಪನೆ ಪೂರ್ಣವಾದಂತೆ.