ಕೌದಿ ತೊಳೆಯುವ ಮುನ್ನ ನೀರಿನ ಭಾರ ತಿಳಿಯಿರಿ

ಆದೋನಿ: ದಸರಾ ಹತ್ತಿರ ಬಂತೆಂದರೆ ಗಡಿಭಾಗದ ಹಳ್ಳಿಗಳಲ್ಲಿ ಗೋಡೆಗೆ ಸುಣ್ಣ, ಪಾತ್ರೆಗೆ ಹುಣಸೆಹುಳಿ, ಹಾಸಿಗೆ-ಹೊದಿಕೆಗೆ ನೀರು. ವರ್ಷವಿಡೀ ಬಳಸಿದ ಕೌದಿ, ಕಂಬಳಿ, ಜಮಖಾನಗಳೆಲ್ಲ ಗಂಟು ಕಟ್ಟಿಕೊಂಡು ಕಾಲುವೆಯತ್ತ ಹೊರಡುತ್ತವೆ. ಮನೆಗೆ ವಾಷಿಂಗ್ ಮೆಷಿನ್ ಬಂದ ಮೇಲೂ ಈ ಪದ್ಧತಿ ನಿಂತಿಲ್ಲ. ಕಾರಣ ಸರಳ: ಕೌದಿ ಮೆಷಿನ್ನಿಗೆ ಹಿಡಿಸುವುದಿಲ್ಲ.

ಕನ್ನಡದವರ ಕೌದಿಯೇ ತೆಲುಗಿನವರ ಬೊಂತ. ಇಲ್ಲಿನ ಕಂಬಳಿ ಅಲ್ಲಿ ಗೊಂಗಡಿ, ಗಾದಿ ಅಲ್ಲಿ ಪರುಪು. ಆದೋನಿ, ಆಲೂರು ತಾಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರುವವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಹೀಗಾಗಿ ಒಂದೇ ಮನೆಯಲ್ಲಿ ಎರಡೂ ಹೆಸರು ಕೇಳಿಬರುವುದು ಹೊಸದಲ್ಲ. ಹೆಸರು ಯಾವುದಾದರೂ, ನೆನೆದಾಗ ಅದರ ಭಾರ ಒಂದೇ.

ಮೆಷಿನ್ ಏಕೆ ಸೋಲುತ್ತದೆ?

ಮೆಷಿನ್ ಮೇಲೆ 7 ಕೆ.ಜಿ. ಎಂದು ಬರೆದಿದ್ದರೆ ಅದು ಒಣ ಬಟ್ಟೆಯ ತೂಕ. ನಾಲ್ಕು ಕೆ.ಜಿ.ಯ ಕೌದಿ ಹಾಗಾದರೆ ಹಿಡಿಯಬೇಕಲ್ಲ ಎಂದು ಕೇಳಬಹುದು. ತೂಕವಷ್ಟೇ ಮುಖ್ಯವಲ್ಲ. ಬಟ್ಟೆ ಒಳಗೆ ಹೊರಳಾಡಲು ಜಾಗ ಇರಬೇಕು. ಒತ್ತಿ ತುರುಕಿದ ಕೌದಿ ಹೊರಳುವುದಿಲ್ಲ, ನಡುವಿನ ಪದರಗಳಿಗೆ ಸೋಪಿನ ನೀರು ತಲುಪುವುದಿಲ್ಲ, ತಲುಪಿದ ಸೋಪು ಹೊರಗೆ ಬರುವುದಿಲ್ಲ.

ಕೌದಿ ಎಂದರೆ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಇಟ್ಟು ಹೊಲಿದದ್ದು. ಹತ್ತಿಬಟ್ಟೆ ನೀರು ಕುಡಿಯುತ್ತದೆ, ಪದರಗಳ ನಡುವೆಯೂ ನೀರು ನಿಲ್ಲುತ್ತದೆ. ಒಣಗಿದಾಗ ನಾಲ್ಕು ಕೆ.ಜಿ. ಇದ್ದದ್ದು ಪೂರ್ತಿ ನೆನೆದರೆ ಹತ್ತು ಕೆ.ಜಿ. ಮೀರಬಹುದು. ಹಿಂಡುವ ಹೊತ್ತಿಗೆ ಈ ಭಾರವೆಲ್ಲ ಒಂದೇ ಮಗ್ಗುಲಿಗೆ ಸೇರಿ ಮೆಷಿನ್ ಕುಣಿಯುತ್ತದೆ, ಇಲ್ಲವೇ ನಿಂತುಬಿಡುತ್ತದೆ. ಹಳೆಯ ಹೊಲಿಗೆಯೂ ಕಿತ್ತು ಬರುತ್ತದೆ.

ಕಾಲುವೆಯಲ್ಲೂ ಅದೇ ಭಾರ

ಮೆಷಿನ್ ನಿಲ್ಲಿಸುವ ಈ ಭಾರವೇ ಕಾಲುವೆಯಲ್ಲಿ ಮನುಷ್ಯರನ್ನು ಎಳೆಯುತ್ತದೆ. ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯಿಂದ ಹೊರಡುವ ಕೆಳದಂಡೆ ಕಾಲುವೆ ಬಳ್ಳಾರಿ ಸೀಮೆ ದಾಟಿ ಹಾಲಹರ್ವಿ ಕಡೆಯಿಂದ ಕರ್ನೂಲು ಜಿಲ್ಲೆಗೆ ಬರುತ್ತದೆ. ಮುಂಗಾರಿನ ಬೆಳೆಗೆ ನೀರು ಬಿಡುವುದರಿಂದ ದಸರಾ ಹೊತ್ತಿಗೆ ಸಾಮಾನ್ಯವಾಗಿ ಕಾಲುವೆ ತುಂಬಿ ಹರಿಯುತ್ತಿರುತ್ತದೆ. ಅಂದರೆ ಹಾಸಿಗೆ ತೊಳೆಯುವ ದಿನಗಳೂ ಕಾಲುವೆಯ ಸೆಳೆತ ಹೆಚ್ಚಿರುವ ದಿನಗಳೂ ಒಂದೇ.

ಕಲ್ಲು, ಸಿಮೆಂಟ್ ಹಾಕಿದ ಇಳಿಜಾರು ದಂಡೆಯಲ್ಲಿ ಪಾಚಿ ಕಟ್ಟುತ್ತದೆ, ಸೋಪು ಬಿದ್ದರೆ ಇನ್ನಷ್ಟು ಜಾರುತ್ತದೆ. ಹರಿಯುವ ನೀರಿನಲ್ಲಿ ಬಿಚ್ಚಿಕೊಂಡ ಕೌದಿ ಗಾಳಿಗೆ ಸಿಕ್ಕ ಟಾರ್ಪಾಲಿನಂತೆ. ಹಿಡಿದವರನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ತಾಯಿಯ, ಅಜ್ಜಿಯ ಸೀರೆಗಳು ಆ ಕೌದಿಯಲ್ಲಿರುತ್ತವೆ. ಜಾರಿದಾಗ ಬಿಡಲು ಮನಸ್ಸು ಬರುವುದಿಲ್ಲ. ಅಪಾಯ ಇರುವುದೇ ಆ ಗಳಿಗೆಯಲ್ಲಿ.

ಕಾಲುವೆಗೆ ಹೋಗಲೇಬೇಕಾದರೆ ಮುಖ್ಯ ಕಾಲುವೆಗೆ ಇಳಿಯಬೇಡಿ. ಹಗ್ಗ ಕಟ್ಟಿದ ಕೊಡದಿಂದ ದಂಡೆಯ ಮೇಲೆ ನಿಂತೇ ನೀರು ಸೇದಿಕೊಂಡು, ದೂರದ ಬಂಡೆಯ ಮೇಲೆ ತೊಳೆಯಿರಿ. ಹೊದಿಕೆಯ ತುದಿಯನ್ನು ಸೊಂಟಕ್ಕಾಗಲಿ ಕೈಗಾಗಲಿ ಸುತ್ತಿಕೊಳ್ಳಬೇಡಿ. ಮಕ್ಕಳನ್ನು ದಂಡೆಯ ಹತ್ತಿರ ಬಿಡಬೇಡಿ. ಯಾರಾದರೂ ಬಿದ್ದರೆ ಹಿಂದೆಯೇ ಹಾರದೆ ಹಗ್ಗವನ್ನೋ ಸೀರೆಯನ್ನೋ ಎಸೆಯಿರಿ. ತುರ್ತು ಕರೆಗೆ 112 ಎರಡೂ ರಾಜ್ಯಗಳಲ್ಲಿ ಕೆಲಸ ಮಾಡುತ್ತದೆ.

ಮನೆಯಂಗಳದಲ್ಲೇ ತೊಳೆಯುವ ಬಗೆ

ಮೊದಲು ಬಿಚ್ಚಿದ ಹೊಲಿಗೆಗಳನ್ನು ಹಾಕಿಕೊಳ್ಳಿ. ಕೌದಿಯನ್ನು ಹಗ್ಗದ ಮೇಲೆ ಹಾಕಿ ಕೋಲಿನಿಂದ ಬಡಿದು ಧೂಳು ತೆಗೆಯಿರಿ. ಒಣಧೂಳು ಹೋದಷ್ಟೂ ನೀರು ಉಳಿಯುತ್ತದೆ. ಸಿಮೆಂಟ್ ತೊಟ್ಟಿಯಲ್ಲಿ ಒಂದು ತಾಸು ನೆನೆಸಿ, ಕಾಲಿನಿಂದ ತುಳಿಯಿರಿ. ಬೋರ್‌ವೆಲ್ ನೀರು ಗಡುಸಾಗಿದ್ದರೆ ಬಾರ್ ಸೋಪು ನೊರೆ ಬಿಡದೆ ಗಸಿಯಾಗಿ ಬಟ್ಟೆಗೆ ಅಂಟುತ್ತದೆ. ಅಂಥಲ್ಲಿ ಡಿಟರ್ಜೆಂಟ್ ಪುಡಿ ವಾಸಿ. ನೀರು ತಿಳಿಯಾಗುವವರೆಗೆ ಎರಡು ಮೂರು ಸಲ ಜಾಲಿಸಿ.

ತಕ್ಷಣ ಎತ್ತಬೇಡಿ. ತೊಟ್ಟಿಯ ನೀರು ಬಿಟ್ಟು ಅರ್ಧ ತಾಸು ಸೋರಲು ಬಿಟ್ಟರೆ ಭಾರ ಬಹಳಷ್ಟು ಇಳಿಯುತ್ತದೆ. ಆಮೇಲೆ ಇಬ್ಬರು ಹಿಡಿದು ಎತ್ತಿ. ತಿರುಚಿ ಹಿಂಡಿದರೆ ದಾರ ಹರಿಯುತ್ತದೆ. ಒಂದೇ ಹಗ್ಗದ ಬದಲು ಅಕ್ಕಪಕ್ಕದ ಎರಡು ಹಗ್ಗಗಳ ಮೇಲೆ ಹರವಿ, ಮಧ್ಯಾಹ್ನ ಮಗ್ಗುಲು ಬದಲಿಸಿ. ಒಳಪದರ ಹಸಿಯಿದ್ದಾಗಲೇ ಮಡಚಿಟ್ಟರೆ ಮುಗ್ಗಲು ವಾಸನೆ ಬರುತ್ತದೆ.

ಕಂಬಳಿಯ ದಾರಿ ಬೇರೆ. ಉಣ್ಣೆಯ ಎಳೆಗಳಿಗೆ ಕಣ್ಣಿಗೆ ಕಾಣದ ಹೊಪ್ಪಳಗಳಿರುತ್ತವೆ. ಬಿಸಿನೀರಿನಲ್ಲಿ ತಿಕ್ಕಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಕಂಬಳಿ ಕುಗ್ಗಿ ಗಟ್ಟಿಯಾಗುತ್ತದೆ. ತಣ್ಣೀರು, ಅಂಟುವಾಳದ ರಸ (ತೆಲುಗಿನ ಕುಂಕುಡುಕಾಯಿ) ಸಾಕು. ತೊಳೆಯುವ ಸೋಡಾ ಬೇಡ. ನೇತುಹಾಕದೆ ನೆಲದ ಮೇಲೆ ಹರವಿ ಒಣಗಿಸಿ.

ಹತ್ತಿ ತುಂಬಿದ ಗಾದಿಯನ್ನು ಮಾತ್ರ ನೀರಿಗೆ ಹಾಕಲೇಬಾರದು. ಒಳಗಿನ ಅರಳೆ ಉಂಡೆ ಕಟ್ಟುತ್ತದೆ, ಬೇಗ ಒಣಗುವುದೂ ಇಲ್ಲ. ಮೇಲಿನ ಚೀಲ ಬಿಚ್ಚಿ ತೊಳೆದು, ಅರಳೆಯನ್ನು ಬಿಸಿಲಿಗೆ ಹಾಕಿ ಮತ್ತೆ ಹಿಂಜಿಸಬೇಕು. ಇದು ಪಿಂಜಾರರ ಕಸುಬು. ತೆಲುಗಿನ ‘ದೂದೇಕುಲ’ ಎಂಬ ಹೆಸರು ಬಂದದ್ದೇ ಹತ್ತಿ ಹಿಂಜುವ ಕೆಲಸದಿಂದ. ಹತ್ತಿ ಮಾರುಕಟ್ಟೆಗೆ ಹೆಸರಾದ ಆದೋನಿ ಸೀಮೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಪುರುಸೊತ್ತಿಲ್ಲದವರು ದೊಡ್ಡ ಮೆಷಿನ್ ಇರುವ ಪಟ್ಟಣದ ಲಾಂಡ್ರಿಗೆ ಕೊಡಬಹುದು. ಕೊಡುವಾಗ ಬಣ್ಣ ಬಿಡುವ ಕೌದಿಯನ್ನು ಬೇರೆಯಾಗಿಯೇ ಕೊಡಿ. ಒದ್ದೆ ಬಿಳಿಬಟ್ಟೆಯಿಂದ ಮೂಲೆಯನ್ನು ಉಜ್ಜಿ ನೋಡಿದರೆ ಬಣ್ಣ ಬಿಡುತ್ತದೋ ಇಲ್ಲವೋ ತಿಳಿಯುತ್ತದೆ.

ಈ ಹಬ್ಬಕ್ಕೆ ಎಲ್ಲವನ್ನೂ ಒಂದೇ ದಿನ ಮುಗಿಸುವ ಹಟ ಬೇಡ. ದಿನಕ್ಕೆರಡು ಕೌದಿಯಂತೆ ವಾರ ಮೊದಲೇ ಶುರುಮಾಡಿದರೆ ಅಂಗಳದ ತೊಟ್ಟಿಯೇ ಸಾಕಾಗುತ್ತದೆ. ಕಾಲುವೆಗೆ ಹೋದವರ ಕೈಯಿಂದ ಕೌದಿ ಜಾರಿದರೆ, ಅದು ಹೋಗಲಿ ಎಂದು ಬಿಟ್ಟುಬಿಡಿ. ಕೌದಿಯನ್ನು ಮತ್ತೆ ಹೊಲಿಯಬಹುದು.